ಸುಣ್ಣಕಲ್ಲಿನ ಗುಡ್ಡದ ಮರಗಳು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ನಾನು ಮಾಡಿದ ಭಾಷಣ. ಅಂದು ಸಮಯ ಸಾಲದೆ ಬಿಟ್ಟ ಕೆಲವು ಮಾತುಗಳನ್ನು ಸಂಚಿಕೆಗಾಗಿ ಸೇರಿಸಿದ್ದೇನೆ.)



ಆಹ್ವಾನ ಪತ್ರಿಕೆಯಲ್ಲಿ ನನ್ನನ್ನು ಸಾಧಕರ ಪಟ್ಟಿಗೆ ಸೇರಿಸಿದ್ದಾರೆ. 1986ರಲ್ಲಿ ಇದೇ ಕಟ್ಟಡದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ, 1998ರಿಂದ ಟೆಕ್ಸಾಸ್ ರಾಜ್ಯದ ಆಸ್ಟಿನ್ ಎಂಬ ಊರಿನಲ್ಲಿ ಕಂಪ್ಯೂಟರ್ ಕೆಲಸ ಮಾಡಿಕೊಂಡಿದ್ದೇನೆ. ಸಾಧನೆ ಅಂತ ಹೇಳಿಕೊಳ್ಳಲು ಅದಕ್ಕಿಂತ ಹೆಚ್ಚೇನಿಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಅಲ್ಲಿಯ ಗುಡ್ಡಗಳ ಮೇಲಿರುವ ಒಂದು ಕಾಡಿನ ಬಗ್ಗೆ. ಮಹೋತ್ಸವಕ್ಕೂ ಅದಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ನಮ್ಮ ಶಾಲೆಯ ಹಿಂದಿನ ಗುಡ್ಡವನ್ನು ಸ್ವಚ್ಛ ಮಾಡಿಸಿ ಸಾಲಾಗಿ ಗಿಡ ನೆಡಿಸಲು, ಜೆಸಿಬಿ ಬಾಡಿಗೆಯನ್ನು ನಾನು ಕೊಡುತ್ತೇನೆಂದು ಹೋದ ವರ್ಷ ಸಮಿತಿಯವರಿಗೆ ಫೋನಿನಲ್ಲಿ ಮಾತು ಕೊಟ್ಟಿದ್ದೆ. ಆ ಮಾತಿನಲ್ಲಿ ಅರ್ಧವನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಂದಿದ್ದೇನೆ. ದುಡ್ಡು ಕೊಡುತ್ತೇನೆ. ಜೆಸಿಬಿ ಬೇಡ. ಯಾಕೆ ಬೇಡ ಅನ್ನುವುದಕ್ಕೆ ಈ ಕಾಡಿನ ಕಥೆ ಹೇಳಬೇಕು.

ಆಸ್ಟಿನ್‌ನಿಂದ ಪಶ್ಚಿಮಕ್ಕೆ ಕಾರಿನಲ್ಲಿ ಅರ್ಧ ಗಂಟೆ ಹೋದರೆ ನೆಲ ಏರತೊಡಗುತ್ತದೆ. ಅದು ಎಡ್ವರ್ಡ್ಸ್ ಪ್ರಸ್ಥಭೂಮಿ. ಜನರ ಬಾಯಲ್ಲಿ ಅದು ಹಿಲ್ ಕಂಟ್ರಿ. ನಮ್ಮ ದುರ್ಗದ ಸೀಮೆಯವರಿಗೆ ಅದನ್ನು ಬೆಟ್ಟ ಅನ್ನಲು ನಾಚಿಕೆಯಾದೀತು, ಅಷ್ಟು ತಗ್ಗು. ನಮ್ಮದು ಗಟ್ಟಿ ಬಂಡೆ, ಅಲ್ಲಿಯದು ಸುಣ್ಣಕಲ್ಲು. ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ಅಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಕೂತ ಚಿಪ್ಪು, ಕೆಸರು ಕಲ್ಲಾಗಿವೆ. ನನ್ನ ಮಗಳು ಚಿಕ್ಕವಳಿದ್ದಾಗ ಕಲ್ಲಾದ ಕಪ್ಪೆಚಿಪ್ಪುಗಳನ್ನು ಹೆಕ್ಕಿ ಬಿಸ್ಕತ್ತಿನ ಡಬ್ಬಿ ತುಂಬಿಸುತ್ತಿದ್ದಳು. ಆ ಕಲ್ಲಿನ ಮೇಲೆ ಎಷ್ಟೋ ಕಡೆ ಒಂದು ಗೇಣು ಮಣ್ಣು ಸಿಕ್ಕರೆ ಪುಣ್ಯ. ಗುಣಿ ತೋಡಲು ಹಾರೆ ಹಾಕಿದರೆ ಠಣ್ ಅನ್ನುತ್ತದೆ.

ಮಳೆ ನಮ್ಮಲ್ಲಿಗಿಂತ ಹೆಚ್ಚೇ. ಆಸ್ಟಿನ್‌ನಲ್ಲಿ ವರ್ಷಕ್ಕೆ ಸುಮಾರು 34 ಇಂಚು ಬೀಳುತ್ತದೆ, ಪಶ್ಚಿಮದ ತುದಿಗೆ ಹೋಗುವಷ್ಟರಲ್ಲಿ ಅದು ಅರ್ಧಕ್ಕೆ ಇಳಿದಿರುತ್ತದೆ. ಆದರೆ ಆ ಮಳೆಗೆ ಲೆಕ್ಕಾಚಾರ ಇಲ್ಲ. ಒಂದೇ ರಾತ್ರಿ ಸುರಿದು ಹೊಳೆಗಳು ಸೇತುವೆ ಮುಳುಗಿಸುತ್ತವೆ, ಆಮೇಲೆ ಎರಡು ತಿಂಗಳು ಹನಿ ಇಲ್ಲ. ಬಿದ್ದ ನೀರೂ ಮೇಲೆ ನಿಲ್ಲುವುದಿಲ್ಲ. ಸುಣ್ಣಕಲ್ಲು ಬಿರುಕು, ಗವಿ, ತೂತುಗಳಿಂದ ತುಂಬಿದೆ, ಅದರೊಳಗೆ ನೀರು ಇಳಿದುಹೋಗುತ್ತದೆ. ಹಾಗೆ ಇಳಿದ ನೀರೇ ನೆಲದಡಿಯಲ್ಲಿ ಸೇರಿ ಸ್ಯಾನ್ ಆಂಟೋನಿಯೊದಂಥ ದೊಡ್ಡ ನಗರಕ್ಕೆ ಕುಡಿಯಲು ಸಿಗುತ್ತದೆ. ಆಸ್ಟಿನ್‌ನ ನಡುವೆ ಬಾರ್ಟನ್ ಸ್ಪ್ರಿಂಗ್ಸ್ ಎಂಬ ಒರತೆಯಾಗಿ ಚಿಮ್ಮುತ್ತದೆ. ಊರಿಗೆಲ್ಲ ನೀರು ಕೊಡುವ ಗುಡ್ಡ ಮಾತ್ರ ಮೇಲೆ ಒಣಗಿಯೇ ಇರುತ್ತದೆ.

ಇಂಥ ಜಾಗದಲ್ಲಿ ಮುಖ್ಯವಾಗಿ ಎರಡು ಜಾತಿಯ ಮರಗಳು ನಿಂತಿವೆ, ಜುನಿಪರ್ ಮತ್ತು ಓಕ್. ನಮ್ಮ ಭಾಷೆಯಲ್ಲಿ ಎರಡಕ್ಕೂ ಹೆಸರಿಲ್ಲ. ಆದರೆ ಜುನಿಪರ್ ನಿಮಗೆ ಪೂರ್ತಿ ಅಪರಿಚಿತವಲ್ಲ. ನಾವೆಲ್ಲ ಪುಸ್ತಕದ ನಡುವೆ ವಿದ್ಯೆ ಎಲೆ ಇಟ್ಟುಕೊಂಡು, ಅದು ಮರಿ ಹಾಕುತ್ತದೆ ಅಂತ ಕಾದವರೇ ತಾನೆ? ಪೆನ್ಸಿಲ್ ಹೆರೆದ ಪುಡಿಯನ್ನು ಅದಕ್ಕೆ ಊಟ ಅಂತ ಹಾಕುತ್ತಿದ್ದೆವು. ಆ ವಿದ್ಯೆ ಗಿಡದ ಕುಟುಂಬದ್ದೇ ಜುನಿಪರ್. ಎಲೆ ಹಾಗೇ ಸಣ್ಣ ಸಣ್ಣ ಪೊರೆ ಹೆಣೆದಂತೆ ಇರುತ್ತದೆ, ಉಜ್ಜಿದರೆ ಘಮ್ಮೆನ್ನುತ್ತದೆ. ಅಲ್ಲಿಯ ಜನ ಅದನ್ನು ಸೀಡರ್ ಅನ್ನುತ್ತಾರೆ. ನಿಜವಾದ ಸೀಡರ್ ಅಂದರೆ ಹಿಮಾಲಯದ ದೇವದಾರು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಹೆಸರು ಅಂಟಿಕೊಂಡಿದೆ, ಅಷ್ಟೆ. ಸಸ್ಯಶಾಸ್ತ್ರದವರ ಲೆಕ್ಕದಲ್ಲಿ ಅದು ಆಶ್ ಜುನಿಪರ್. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೆಣ್ಣು ಮರದಲ್ಲಿ ನೀಲಿ ಬಣ್ಣದ, ಬೂದಿ ಸವರಿದಂಥ ಸಣ್ಣ ಕಾಯಿಗಳು. ಅದನ್ನು ಹಕ್ಕಿಗಳು ತಿಂದು ಬೀಜವನ್ನು ಎಲ್ಲೆಲ್ಲೋ ಹಾಕುತ್ತವೆ.

ಓಕ್‌ಗಳಲ್ಲಿ ಎರಡನ್ನು ಹೇಳಿದರೆ ಸಾಕು. ಒಂದು ಲೈವ್ ಓಕ್. ಇದು ಚಳಿಗಾಲದಲ್ಲೂ ಹಸಿರಾಗಿರುತ್ತದೆ. ವಸಂತದಲ್ಲಿ ಹಳೆಯ ಎಲೆ ಉದುರುವುದೂ ಹೊಸದು ಬರುವುದೂ ಒಟ್ಟಿಗೇ. ಒಂದು ಮರದ ಬೇರಿನಿಂದಲೇ ಸುತ್ತ ಸಸಿ ಎದ್ದು ಹತ್ತಾರು ಮರಗಳ ತೋಪಾಗುತ್ತದೆ. ನೋಡಲು ಹತ್ತಾರು ಮರ, ನೆಲದೊಳಗೆ ಒಂದೇ ಮನೆತನ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇನ್ನೊಂದು ಸ್ಪ್ಯಾನಿಶ್ ಓಕ್, ನವೆಂಬರ್ ಹೊತ್ತಿಗೆ ಅದರ ಎಲೆ ಕೆಂಪಾಗಿ ಉದುರುತ್ತದೆ.

ಮೊದಮೊದಲು ನನಗೆ ಆ ಗುಡ್ಡಗಳೆಲ್ಲ ಒಂದೇ ಥರ ಕಾಣುತ್ತಿದ್ದವು. ಅಲ್ಲಿ ಮಾಸ್ಟರ್ ನ್ಯಾಚುರಲಿಸ್ಟ್ ಅಂತ ಒಂದು ತರಬೇತಿ ಇದೆ, ಊರಿನ ಸಾಮಾನ್ಯ ಜನರಿಗೆ ಗಿಡ, ಹಕ್ಕಿ, ಮಣ್ಣು ಗುರುತಿಸುವುದನ್ನು ಕಲಿಸಿ ಆಮೇಲೆ ಅವರಿಂದ ಸ್ವಯಂಸೇವೆ ಮಾಡಿಸುತ್ತಾರೆ. ಅದಕ್ಕೆ ಸೇರಿದ ಮೇಲೆ ಕಣ್ಣು ತೆರೆಯಿತು. ಒಂದೇ ಗುಡ್ಡದ ಉತ್ತರದ ಇಳಿಜಾರಿಗೂ ದಕ್ಷಿಣದ ಇಳಿಜಾರಿಗೂ ಬೇರೆ ಬೇರೆ ಸಂಸಾರ. ಉತ್ತರದ ಮಗ್ಗುಲಿಗೆ ಬಿಸಿಲು ಓರೆಯಾಗಿ ಬೀಳುವುದರಿಂದ ತೇವ ಉಳಿಯುತ್ತದೆ. ಅಲ್ಲಿ ಎತ್ತರದ ಹಳೆಯ ಜುನಿಪರ್‌ಗಳ ಜೊತೆ ಸ್ಪ್ಯಾನಿಶ್ ಓಕ್, ಕಾಡು ಚೆರ್ರಿ, ಅಪರೂಪಕ್ಕೊಂದು ಮಡ್ರೋನ್. ಈ ಮಡ್ರೋನ್ ಮರದ ತೊಗಟೆ ಕಾಗದದ ಹಾಗೆ ಸುಲಿದು ಒಳಗಿನ ನುಣುಪಾದ ಕೆಂಪು ಕಾಂಡ ಕಾಣುತ್ತದೆ, ಮುಟ್ಟದೆ ಮುಂದೆ ಹೋಗುವುದು ಕಷ್ಟ. ದಕ್ಷಿಣದ ಮಗ್ಗುಲು ಕಾದ ಹೆಂಚು. ಅಲ್ಲಿ ಗಿಡ್ಡ ಜುನಿಪರ್, ಗಿಡ್ಡ ಲೈವ್ ಓಕ್, ಅಗರೀಟ ಎಂಬ ಮುಳ್ಳೆಲೆಯ ಪೊದೆ, ಪಾಪಸ್‌ಕಳ್ಳಿ. ಗುಡ್ಡದ ನೆತ್ತಿ ಚಪ್ಪಟೆಯಾಗಿ ಮಣ್ಣು ಸ್ವಲ್ಪ ಹೆಚ್ಚಿದ್ದ ಕಡೆ ಹುಲ್ಲುಗಾವಲು, ನಡುನಡುವೆ ಲೈವ್ ಓಕ್ ತೋಪು. ಕೆಳಗೆ ಹಳ್ಳದಲ್ಲಿ ಬೇರೆಯೇ ಲೋಕ, ಅದನ್ನು ಬಿಡೋಣ.

ಇವುಗಳ ನಡುವೆ ನನಗೊಬ್ಬ ನೆಂಟ ಸಿಕ್ಕ. ಟೆಕ್ಸಾಸ್ ಪರ್ಸಿಮನ್ ಅಂತ ಒಂದು ಗಿಡ, ಬೂದು ಬಣ್ಣದ ನುಣುಪು ಕಾಂಡ, ಗೋಲಿ ಗಾತ್ರದ ಹಣ್ಣು, ಹಣ್ಣಾದಾಗ ಕಪ್ಪು. ಬಾಯಿಗೆ ಹಾಕಿಕೊಂಡರೆ ಸಿಹಿ, ಹಲ್ಲೆಲ್ಲ ಮಸಿ. ನಮ್ಮ ಗುಡ್ಡದ ತೂಪ್ರದ ಹಣ್ಣು ಇದೆಯಲ್ಲ, ಬೀಡಿ ಎಲೆಯ ಮರ, ಅದೂ ಇದೂ ಸಸ್ಯಶಾಸ್ತ್ರದಲ್ಲಿ ಒಂದೇ ಕುಲ. ಡಯೋಸ್‌ಪೈರಸ್ ಅನ್ನುತ್ತಾರೆ. ಸಾವಿರಾರು ಮೈಲಿ ದೂರದಲ್ಲಿ ನಿಂತು ಆ ಹಣ್ಣು ಉಗುಳಿದಾಗ ಎಂಟನೇ ಕ್ಲಾಸಿನ ಮಧ್ಯಾಹ್ನದ ಬಿಡುವು ನೆನಪಾಯಿತು.

ಇನ್ನು ಜುನಿಪರ್ ಮೇಲೆ ಅಲ್ಲಿಯವರಿಗಿರುವ ಸಿಟ್ಟಿನ ವಿಚಾರ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಗಂಡು ಮರಗಳು ಪರಾಗ ಬಿಡುತ್ತವೆ. ಮರವೆಲ್ಲ ಕಿತ್ತಳೆ ಕಂದು ಬಣ್ಣಕ್ಕೆ ತಿರುಗಿ, ಗಾಳಿ ಬೀಸಿದರೆ ಹೊಗೆಯ ಹಾಗೆ ಏಳುತ್ತದೆ. ಬೆಂಕಿ ಬಿದ್ದಿದೆ ಅಂತ ಅಗ್ನಿಶಾಮಕ ದಳಕ್ಕೆ ಫೋನ್ ಮಾಡುವವರೂ ಇದ್ದಾರೆ. ಆ ಪರಾಗದಿಂದ ಕಣ್ಣು ಉರಿ, ಮೂಗು ಸೋರುವುದು, ತಲೆ ಭಾರ. ಸೀಡರ್ ಫೀವರ್ ಅಂತಲೇ ಹೆಸರು. ನನಗೆ ಹೋದ ಮೂರನೇ ವರ್ಷಕ್ಕೆ ಹಿಡಿಯಿತು. ಸಂಕ್ರಾಂತಿಯ ಎಳ್ಳುಬೆಲ್ಲದ ರುಚಿ ನನಗೆ ಅಲ್ಲಿ ಯಾವತ್ತೂ ಗೊತ್ತಾಗಿಲ್ಲ. ಇದು ಒಂದು ದೂರು. ಎರಡನೆಯ ದೂರು ಇನ್ನೂ ದೊಡ್ಡದು. ಜುನಿಪರ್ ನೀರು ಕುಡಿದು ಒರತೆ ಬತ್ತಿಸುತ್ತದೆ, ಹುಲ್ಲು ಬೆಳೆಯಲು ಬಿಡುವುದಿಲ್ಲ, ಅದೊಂದು ಕಳೆ, ಕಡಿದು ಹಾಕಬೇಕು. ಈ ಮಾತನ್ನು ಜಮೀನುದಾರರಿಂದ ಹಿಡಿದು ಕ್ಷೌರದ ಅಂಗಡಿಯವರೆಗೆ ಎಲ್ಲರ ಬಾಯಲ್ಲೂ ಕೇಳಿದ್ದೇನೆ. ನಾನೂ ನಂಬಿದ್ದೆ.

2007ರಲ್ಲಿ ಆಸ್ಟಿನ್‌ನ ಹೊರಗೆ ಮೂರು ಎಕರೆ ಗುಡ್ಡ ಕೊಂಡೆ. ಹಳ್ಳಿಯವನಿಗೆ ಸ್ವಂತ ನೆಲದ ಹುಚ್ಚು ಎಲ್ಲಿ ಹೋದರೂ ಬಿಡುವುದಿಲ್ಲ. ಆಗ ನಾನಿನ್ನೂ ಆ ತರಬೇತಿಗೆ ಸೇರಿರಲಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಯಂತ್ರ ತರಿಸಿ ಜುನಿಪರ್ ಎಲ್ಲ ಕಿತ್ತು ಹಾಕಿಸಿದೆ. ಎರಡೇ ದಿನದ ಕೆಲಸ. ಯಂತ್ರ ಓಡಾಡಲು ಅಡ್ಡ ಬರುತ್ತಿದ್ದ ಲೈವ್ ಓಕ್ ಕೊಂಬೆಗಳನ್ನೂ ಕೆಲಸಗಾರರು ಸವರಿದರು. ನಾನೇ ಹೂಂ ಅಂದಿದ್ದೆ. ಉತ್ತರದ ಮೂಲೆಯಲ್ಲಿ ಕಡಿದಾದ ಬಂಡೆ ಇಳಿಜಾರು, ಅಲ್ಲಿಗೆ ಯಂತ್ರ ಹೋಗಲಾಗದೆ ಅರ್ಧ ಎಕರೆ ಹಾಗೇ ಉಳಿಯಿತು. ಸಂಜೆ ನಿಂತು ನೋಡಿದರೆ ಜಾಗ ಎಷ್ಟು ಚೊಕ್ಕಟ! ಓಕ್ ಮರಗಳು ಪಾರ್ಕಿನಲ್ಲಿ ನಿಂತ ಹಾಗೆ. ಫೋಟೋ ತೆಗೆದು ಊರಿಗೆಲ್ಲ ಕಳಿಸಿದೆ. ನಿಮ್ಮಲ್ಲಿ ಕೆಲವರು ನೋಡಿರಲೂಬಹುದು.

ಮೊದಲ ದೊಡ್ಡ ಮಳೆಗೆ ಮಣ್ಣು ಹೋಯಿತು. ಜುನಿಪರ್ ಬುಡದಲ್ಲಿ ವರ್ಷಾನುಗಟ್ಟಲೆ ಉದುರಿದ ಎಲೆ ಕೊಳೆತು ಕಪ್ಪು ಮಣ್ಣಾಗಿ ಕೂತಿರುತ್ತದೆ. ಮರವನ್ನು ಬೇರು ಸಮೇತ ಎತ್ತಿದ ಕಡೆಯೆಲ್ಲ ಅದು ಸಡಿಲವಾಗಿತ್ತು. ಬೆಳಿಗ್ಗೆ ನೋಡಿದರೆ ಬಿಳಿ ಕಲ್ಲು ಹಲ್ಲು ಕಿರಿಯುತ್ತಿತ್ತು, ಮಣ್ಣೆಲ್ಲ ಪಕ್ಕದ ಜಮೀನಿನ ಬೇಲಿಗೆ ಅಂಟಿ ಕೂತಿತ್ತು.

ಅದಕ್ಕಿಂತ ದೊಡ್ಡದು ಮುಂದಿನ ವರ್ಷ ಬಂತು. ಓಕ್ ಎಲೆಗಳ ನರಗಳು ಹಳದಿಯಾಗಿ, ಆಮೇಲೆ ಕಂದಾಗಿ, ಎಲೆ ಉದುರತೊಡಗಿದವು. ಓಕ್ ವಿಲ್ಟ್ ಎಂಬ ಶಿಲೀಂಧ್ರದ ರೋಗ. ವಸಂತ ಕಾಲದಲ್ಲಿ ಓಕ್ ಮರದ ಹಸಿ ಗಾಯದ ರಸಕ್ಕೆ ಸಣ್ಣ ಜೀರುಂಡೆಗಳು ಬರುತ್ತವೆ, ಅವುಗಳ ಮೈಮೇಲೆ ಈ ಶಿಲೀಂಧ್ರದ ಕಣಗಳು ಬರುತ್ತವೆ. ಅದಕ್ಕೇ ಫೆಬ್ರವರಿಯಿಂದ ಜೂನ್‌ವರೆಗೆ ಓಕ್ ಕೊಂಬೆ ಕಡಿಯಬಾರದು, ಯಾವಾಗ ಕಡಿದರೂ ಗಾಯಕ್ಕೆ ಕೂಡಲೇ ಬಣ್ಣ ಬಳಿಯಬೇಕು ಅನ್ನುತ್ತಾರೆ. ನಾನು ಕಡಿಸಿದ್ದು ಏಪ್ರಿಲ್‌ನಲ್ಲಿ, ಬಣ್ಣದ ಡಬ್ಬಿಯನ್ನೇ ತಂದಿರಲಿಲ್ಲ. ಒಂದೇ ಮನೆತನ ಅಂದೆನಲ್ಲ, ಬೇರಿಗೆ ಬೇರು ಕೂಡಿರುವುದರಿಂದ ರೋಗ ಒಂದರಿಂದ ಇನ್ನೊಂದಕ್ಕೆ ನೆಲದೊಳಗೇ ನಡೆದುಹೋಗುತ್ತದೆ. ತಡೆಯಬೇಕಾದರೆ ರೋಗದ ಮರಗಳಿಂದ ನೂರು ಅಡಿ ಆಚೆ, ನಾಲ್ಕು ಅಡಿಗೂ ಆಳವಾದ ಕಾಲುವೆ ಕೊರೆದು ಬೇರು ಕತ್ತರಿಸಬೇಕು. ಸುಣ್ಣಕಲ್ಲಿನಲ್ಲಿ! ನನ್ನ ಹನ್ನೊಂದು ಮರ ಹೋದವು. ಆಮೇಲೆ ಬೇಲಿ ದಾಟಿ ಪಕ್ಕದ ಜಮೀನಿನ ಅಜ್ಜಿಯ ಮನೆ ಮುಂದಿನ ಎರಡು ಮರ.

ಆ ಅಜ್ಜಿಗೆ ಆಗ ಎಂಬತ್ತು ದಾಟಿತ್ತು. ಗಂಡ ತೀರಿಕೊಂಡಿದ್ದರು, ಆ ಮರದ ಕೆಳಗೆ ಅವರಿಬ್ಬರ ಮದುವೆ ನಡೆದಿತ್ತಂತೆ. ನಾನು ಕ್ಷಮೆ ಕೇಳಲು ಹೋದೆ. ಬಯ್ಯಲಿಲ್ಲ. ಕಾಫಿ ಕೊಟ್ಟು, "ನಮ್ಮಪ್ಪ ಜುನಿಪರ್ ಕಡಿದೇ ನಮ್ಮನ್ನು ಸಾಕಿದ್ದು. ಆದರೆ ಇಳಿಜಾರಿನದ್ದನ್ನು ಅವರು ಮುಟ್ಟುತ್ತಿರಲಿಲ್ಲ. ನೀನು ಯಾರನ್ನಾದರೂ ಕೇಳಬಹುದಾಗಿತ್ತು" ಅಂದರು. ಅಷ್ಟೇ ಮಾತು. ಹನ್ನೊಂದು ಮರಕ್ಕಿಂತ ಆ ಎರಡು ಮರ, ಆ ಒಂದು ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಆ ಅಪ್ಪನಂಥವರಿಗೆ ಅಲ್ಲಿ ಸೀಡರ್ ಚಾಪರ್ಸ್ ಅನ್ನುತ್ತಿದ್ದರು. ಗುಡ್ಡಗಳಲ್ಲಿ ಗುಡಿಸಲು ಹಾಕಿಕೊಂಡು, ಜುನಿಪರ್ ಕಡಿದು ಬೇಲಿ ಗೂಟ ಮಾಡಿ, ಇದ್ದಿಲು ಸುಟ್ಟು ಪೇಟೆಗೆ ಮಾರುತ್ತಿದ್ದ ಬಡ ಜನ. ಪೇಟೆಯವರು ಅವರನ್ನು ಕೀಳಾಗಿ ಕಾಣುತ್ತಿದ್ದರು. ಯಾವ ಮರ ಎಲ್ಲಿರಬೇಕು ಅನ್ನುವುದು ಅವರಿಗೆ ಕೈಯಲ್ಲೇ ಗೊತ್ತಿತ್ತು.

ಅಜ್ಜಿ ಹೇಳಿದ ಇಳಿಜಾರಿನ ಮಾತಿಗೆ ಅರ್ಥ ಏನು ಅಂತ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಹಿಂದೆ ಅಲ್ಲಿ ಆಗಾಗ ಹುಲ್ಲಿಗೆ ಬೆಂಕಿ ಬೀಳುತ್ತಿತ್ತು, ಸಿಡಿಲಿನಿಂದ, ಅಲ್ಲಿಯ ಮೂಲನಿವಾಸಿಗಳು ಹಚ್ಚಿದ್ದರಿಂದ. ಚಪ್ಪಟೆ ನೆಲದ ಒತ್ತು ಹುಲ್ಲಿನಲ್ಲಿ ಬೆಂಕಿ ಓಡಿ ಜುನಿಪರ್ ಸಸಿಗಳನ್ನು ಸುಡುತ್ತಿತ್ತು. ಈ ಜಾತಿಯ ಜುನಿಪರ್ ಬುಡದಿಂದ ಮತ್ತೆ ಚಿಗುರುವುದಿಲ್ಲ, ಸತ್ತರೆ ಸತ್ತಂತೆ. ಕಡಿದಾದ ಬಂಡೆ ಇಳಿಜಾರಿಗೆ ಬೆಂಕಿ ಹತ್ತುತ್ತಿರಲಿಲ್ಲ, ಅಲ್ಲಿ ಜುನಿಪರ್ ಹಾಯಾಗಿ ಮುದಿಯಾಗುತ್ತಿತ್ತು. 1840ರ ದಶಕದಲ್ಲಿ ಜರ್ಮನಿಯಿಂದ ಬಂದ ಒಕ್ಕಲು ಜನ ನ್ಯೂ ಬ್ರಾನ್‌ಫೆಲ್ಸ್, ಫ್ರೆಡರಿಕ್ಸ್‌ಬರ್ಗ್ ಊರುಗಳನ್ನು ಕಟ್ಟಿದರು. ಆಮೇಲೆ ದನ, ಕುರಿ, ಮೇಕೆ ಬಂದವು, ಮುಳ್ಳುತಂತಿ ಬೇಲಿ ಬಂತು. ನೆಲ ತಾಳುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಮೇಯಿಸಿದರು. ಹುಲ್ಲು ಹೋಯಿತು, ಹುಲ್ಲಿಲ್ಲದ ಮೇಲೆ ಬೆಂಕಿಯೂ ಇಲ್ಲ, ಬರಿ ನೆಲದ ಮಣ್ಣು ಕೊಚ್ಚಿ ಹೋಯಿತು. ಮೇಕೆಗೆ ಓಕ್ ಚಿಗುರು ಇಷ್ಟ, ಜುನಿಪರ್‌ನ ಘಾಟು ವಾಸನೆ ಇಷ್ಟವಿಲ್ಲ. ಹಾಗಾಗಿ ಬೋಳಾದ ನೆಲಕ್ಕೆ ಜುನಿಪರ್ ಇಳಿದು ಬಂತು. ಈಗ ಅಲ್ಲಿರುವುದು ಒಂದೇ ಮರ, ಎರಡು ಕಥೆ. ಇಳಿಜಾರಿನದು ಮೂಲದ ಒಕ್ಕಲು, ಚಪ್ಪಟೆ ನೆಲದ್ದು ನಾವು ಕೆಡಿಸಿದ ಜಾಗಕ್ಕೆ ಬಂದು ಸೇರಿದ್ದು. ಯಂತ್ರದ ಮೇಲೆ ಕೂತವನಿಗೆ ಎರಡೂ ಒಂದೇ ಬಣ್ಣ.

ಇಳಿಜಾರಿನ ಮುದಿ ಜುನಿಪರ್ ಮೇಲೆ ಒಂದು ಹಕ್ಕಿಯ ಬದುಕೇ ನಿಂತಿದೆ. ಹತ್ತು ಗ್ರಾಮಿನಷ್ಟು ತೂಕದ, ಚಿನ್ನದ ಬಣ್ಣದ ಕೆನ್ನೆಯ ಹಕ್ಕಿ, ಗೋಲ್ಡನ್ ಚೀಕ್ಡ್ ವಾರ್ಬ್ಲರ್. ಮಾರ್ಚ್‌ನಲ್ಲಿ ದಕ್ಷಿಣ ಮೆಕ್ಸಿಕೊ, ಮಧ್ಯ ಅಮೆರಿಕಗಳಿಂದ ಹಾರಿ ಬರುತ್ತದೆ. ಪ್ರಪಂಚದಲ್ಲಿ ಅದು ಮರಿ ಮಾಡುವುದು ಈ ಟೆಕ್ಸಾಸ್ ಗುಡ್ಡಗಳಲ್ಲಿ ಮಾತ್ರ. ಮುದಿ ಜುನಿಪರ್‌ನ ತೊಗಟೆ ಉದ್ದುದ್ದ ನಾರಾಗಿ ಸುಲಿಯುತ್ತದೆ, ಅದನ್ನು ಎಳೆದು ತಂದು ಜೇಡರ ನೂಲಿನಿಂದ ಹೊಲಿದು ಗೂಡು ಮಾಡುತ್ತದೆ. ಎಳೆಯ ಮರದ ತೊಗಟೆ ಹಾಗೆ ಸುಲಿಯುವುದಿಲ್ಲ. ಮರಿಗೆ ಕೊಡುವ ಹುಳು ಬಹುಪಾಲು ಓಕ್ ಮರದ್ದು. ಅಂದರೆ ಮನೆ ಜುನಿಪರ್‌ನದು, ಊಟ ಓಕ್‌ನದು. ಎರಡರಲ್ಲಿ ಒಂದು ಹೋದರೂ ಅದು ಬರುವುದಿಲ್ಲ. 1990ರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. 1996ರಲ್ಲಿ ಆಸ್ಟಿನ್ ನಗರ ಮತ್ತು ಅಲ್ಲಿಯ ಜಿಲ್ಲಾಡಳಿತ ಕೂಡಿ ಅಂಥ ಕಣಿವೆಗಳನ್ನು ಉಳಿಸಲು ಬಾಲ್ಕೋನ್ಸ್ ಕ್ಯಾನ್ಯನ್‌ಲ್ಯಾಂಡ್ಸ್ ಎಂಬ ಸಂರಕ್ಷಿತ ಪ್ರದೇಶ ಮಾಡಿದವು, ಈಗ ಅದು 30 ಸಾವಿರ ಎಕರೆಗೂ ಹೆಚ್ಚು.

ನೀರಿನ ದೂರಿಗೆ ಬರುತ್ತೇನೆ. ಊರಿನ ರೈತರು ಕೇಳುವುದೂ ಅದನ್ನೇ. ರಾಬರ್ಟ್ ಜ್ಯಾಕ್ಸನ್ ಮತ್ತು ಸಂಗಡಿಗರು ಆ ಪ್ರಸ್ಥಭೂಮಿಯ ಗವಿಗಳೊಳಗೆ ಇಳಿದು, ಚಾವಣಿಯಿಂದ ಇಳಿಬಿದ್ದ ಬೇರುಗಳನ್ನು ತಂದು, ಡಿಎನ್‌ಎ ಪರೀಕ್ಷೆ ಮಾಡಿ ಯಾವ ಬೇರು ಯಾವ ಮರದ್ದು ಅಂತ 1999ರಲ್ಲಿ ಪ್ರಕಟಿಸಿದರು. ಹತ್ತು ಮೀಟರಿಗಿಂತ ಕೆಳಗೆ ಸಿಕ್ಕಿದ್ದು ಯಾವ ಮರದ ಬೇರು ಗೊತ್ತೆ? ಎಲ್ಲರೂ ಮುದ್ದು ಮಾಡುವ ಲೈವ್ ಓಕ್. ಅದೊಂದೇ. ಎಲ್ಲರೂ ಬಯ್ಯುವ ಜುನಿಪರ್ ಅಷ್ಟು ಆಳದಲ್ಲಿ ಇರಲೇ ಇಲ್ಲ. ಹಾಗಂತ ಜುನಿಪರ್ ನೀರು ಮುಟ್ಟುವುದಿಲ್ಲ ಅಂತಲ್ಲ. ಒತ್ತಾಗಿ ಬೆಳೆದ ಕಡೆ ಸಣ್ಣ ಮಳೆಯಲ್ಲಿ ಬಹುಪಾಲು ಅದರ ಎಲೆಯಲ್ಲೇ ನಿಂತು ಆರಿಹೋಗುತ್ತದೆ. ದೊಡ್ಡ ಮಳೆಯಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಬ್ರ್ಯಾಡ್‌ಫರ್ಡ್ ವಿಲ್ಕಾಕ್ಸ್ ಮತ್ತು ಅವರ ಜೊತೆಗಾರರು ಆ ಗುಡ್ಡಗಾಡಿನ ಹೊಳೆಗಳ ದಶಕಗಳ ಲೆಕ್ಕ ತೆಗೆದು 2010ರಲ್ಲಿ ಬರೆದದ್ದು ಇನ್ನೂ ವಿಚಿತ್ರ. ಮರ ಹೆಚ್ಚಾದ ಕಾಲದಲ್ಲಿ ಹೊಳೆಗಳ ಒರತೆ ನೀರು ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು. ಮೇಯಿಸುವುದು ಕಡಿಮೆಯಾಗಿ, ನೆಲಕ್ಕೆ ಮತ್ತೆ ಹೊದಿಕೆ ಬಂದು, ಮಳೆ ನೀರು ಹರಿದು ಹೋಗುವ ಬದಲು ಒಳಕ್ಕೆ ಇಳಿದದ್ದು ಕಾರಣ ಅನ್ನುತ್ತಾರೆ.

ಇದಕ್ಕೆ ಎದುರು ಸಾಕ್ಷಿಯೂ ಇದೆ, ಅದನ್ನು ಮುಚ್ಚಿಡಬಾರದು. ಡೇವಿಡ್ ಬ್ಯಾಂಬರ್ಗರ್ ಅಂತ ಒಬ್ಬರು, ಕೋಳಿ ಹುರಿದು ಮಾರುವ ಹೋಟೆಲುಗಳ ವ್ಯಾಪಾರದಲ್ಲಿ ದುಡ್ಡು ಮಾಡಿದವರು, 1969ರಲ್ಲಿ ಜಾನ್ಸನ್ ಸಿಟಿ ಹತ್ತಿರ ತೀರ ಹಾಳಾದ ಜಮೀನು ಹುಡುಕಿ ಕೊಂಡರು. ಬೆಳೆಸುತ್ತಾ ಹೋಗಿ ಅದು 5,500 ಎಕರೆಯಾಯಿತು. ಚಪ್ಪಟೆ ನೆಲದ ಜುನಿಪರ್ ತೆಗೆಸಿದರು. ಕೆಲವು ವರ್ಷದಲ್ಲಿ ಬತ್ತಿದ್ದ ಒರತೆಗಳು ಹರಿದವು. ನೋಡಿದಿರಾ, ಜುನಿಪರ್ ಕಡಿದರೆ ನೀರು ಬಂತು ಅಂತ ಎಲ್ಲರೂ ಅದನ್ನೇ ಉದಾಹರಣೆ ಕೊಡುತ್ತಾರೆ. ನಾನು ಅಲ್ಲಿಗೆ ಹೋಗಿ ನೋಡಿದೆ. ಅವರು ಮರ ತೆಗೆದಲ್ಲೆಲ್ಲ ಹಿಂದೆಯೇ ಹುಲ್ಲಿನ ಬೀಜ ಬಿತ್ತಿದ್ದರು, ಕಡಿದ ಕೊಂಬೆಗಳನ್ನು ಇಳಿಜಾರಿಗೆ ಅಡ್ಡ ಹಾಕಿ ಮಣ್ಣು ಹಿಡಿದಿದ್ದರು, ಮೇಯಿಸುವುದನ್ನು ಹತೋಟಿಯಲ್ಲಿಟ್ಟಿದ್ದರು, ಕಡಿದಾದ ಕಣಿವೆಗಳ ಮರ ಬಿಟ್ಟಿದ್ದರು. ಐವತ್ತು ವರ್ಷ ಅದೇ ಕೆಲಸ. ನಾನು ಎರಡು ದಿನದಲ್ಲಿ ಅವರ ಕೆಲಸದ ಮೊದಲನೇ ಸಾಲನ್ನು ಮಾತ್ರ ನಕಲು ಮಾಡಿದ್ದೆ. ಪರೀಕ್ಷೆಯಲ್ಲಿ ಪಕ್ಕದವನ ಉತ್ತರದ ಮೊದಲ ಸಾಲು ಮಾತ್ರ ಕದ್ದು ಬರೆದವನ ಹಾಗೆ.

2011ರಲ್ಲಿ ಟೆಕ್ಸಾಸ್‌ಗೆ ಭಾರಿ ಬರ ಬಂತು. ಆಸ್ಟಿನ್‌ನಲ್ಲಿ ಆ ವರ್ಷ 90 ದಿನ ನೂರು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು, ಅಂದರೆ ನಮ್ಮ ಲೆಕ್ಕದಲ್ಲಿ 38. ರಾಜ್ಯದಲ್ಲಿ ಸುಮಾರು 30 ಕೋಟಿ ಮರ ಸತ್ತವು ಅಂತ ಅಲ್ಲಿಯ ಅರಣ್ಯ ಇಲಾಖೆ ಅಂದಾಜು ಮಾಡಿತು. ನಾನು ಚೊಕ್ಕಟ ಮಾಡಿದ ಎರಡೂವರೆ ಎಕರೆಯಲ್ಲಿ ಉಳಿದದ್ದು ಕಲ್ಲು, ಕಳ್ಳಿ. ಯಂತ್ರ ಹೋಗದ ಆ ಮೂಲೆಯಲ್ಲೂ ಕೆಲವು ಜುನಿಪರ್ ಒಣಗಿದವು. ಆದರೆ ಅವುಗಳ ಬುಡದಲ್ಲಿ ಬಗ್ಗಿ ನೋಡಿದಾಗ ಸ್ಪ್ಯಾನಿಶ್ ಓಕ್ ಸಸಿಗಳು ಇದ್ದವು. ನನ್ನ ಮೊಣಕಾಲೆತ್ತರ, ಎಣಿಸಿದರೆ ಹದಿನಾಲ್ಕು. ಅಲ್ಲಿ ಜಿಂಕೆಗಳ ಕಾಟ ವಿಪರೀತ, ಬಯಲಿನಲ್ಲಿ ಓಕ್ ಸಸಿ ತಲೆ ಎತ್ತಿದರೆ ಸವರಿ ಬಿಡುತ್ತವೆ. ಜುನಿಪರ್‌ನ ಕೆಳಗಿನ ಕೊಂಬೆಗಳು ನೆಲಕ್ಕೆ ತಾಗಿ ಬೇಲಿಯ ಹಾಗೆ ಇರುತ್ತವೆ, ನೆರಳಿದೆ, ಉದುರಿದ ಎಲೆಯ ಮಣ್ಣಿದೆ. ಮುಂದಿನ ಓಕ್ ಹುಟ್ಟುವುದು ಅಲ್ಲೇ. ನಾನು ಓಕ್ ಉಳಿಸಲು ಜುನಿಪರ್ ಕಿತ್ತಿದ್ದೆ.

ಆ ಮೇಲೆ ನಾನು ಮಾಡಿದ್ದು ಇಷ್ಟು. ಉತ್ತರದ ಮೂಲೆಯನ್ನು ಮುಟ್ಟಲಿಲ್ಲ. ಚಪ್ಪಟೆ ನೆಲದಲ್ಲಿ ಮತ್ತೆ ಎದ್ದ ಜುನಿಪರ್ ಸಸಿಗಳನ್ನು ಕೈಗರಗಸದಿಂದ, ಚಳಿಗಾಲದಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಂದೊಂದಾಗಿ ನೋಡಿ ತೆಗೆದೆ. ಬುಡದಲ್ಲಿ ಓಕ್ ಸಸಿ ಇದ್ದರೆ ಬಿಟ್ಟೆ. ಕೊಂಬೆಗಳನ್ನು ಇಳಿಜಾರಿಗೆ ಅಡ್ಡ ಹಾಸಿ ಮಧ್ಯೆ ಅಲ್ಲಿಯದೇ ಹುಲ್ಲಿನ ಬೀಜ ಉದುರಿಸಿದೆ. ಈಗ ಮಳೆ ಬಂದರೆ ನೀರು ತಿಳಿಯಾಗಿ ಇಳಿಯುತ್ತದೆ. ಅಜ್ಜಿ ಅದನ್ನು ನೋಡಲು ಇರಲಿಲ್ಲ.

ಇಷ್ಟು ಗೊತ್ತಿದ್ದೂ ಹೋದ ವರ್ಷ ಫೋನಿನಲ್ಲಿ ಜೆಸಿಬಿಗೆ ಹೂಂ ಅಂದೆ. ದೂರದಲ್ಲಿ ಕೂತು ದುಡ್ಡು ಕೊಡುವವನಿಗೆ ಎಲ್ಲ ಗುಡ್ಡವೂ ಒಂದೇ ಬಣ್ಣ. ಮೊನ್ನೆ ಬಂದಿಳಿದ ಮೇಲೆ, ಗುಡ್ಡದಲ್ಲಿ ಮೇಕೆ ಮೇಯಿಸುವ ನಮ್ಮ ದೊಡ್ಡಪ್ಪ ಸಿಕ್ಕರು. ಇಲ್ಲೇ ಹಿಂದೆ ನಿಂತಿದ್ದಾರೆ, ಕುರ್ಚಿ ಕೊಟ್ಟರೂ ಕೂರಲಿಲ್ಲ. "ಏನಪ್ಪಾ, ಗುಡ್ಡ ಬೋಳಿಸಾಕೆ ದುಡ್ಡು ಕೊಡ್ತೀಯಂತೆ? ಅಮೆರಿಕದಾಗೆ ಜಾಸ್ತಿ ಆತೇನು?" ಅಂದರು. ಅವರ ಹಿಂದೆ ಗುಡ್ಡ ಹತ್ತಿದೆ. ಕೆಳಗಿನ ಚಪ್ಪಟೆ ಜಾಗ, ನಾವು ಕಬಡ್ಡಿ ಆಡುತ್ತಿದ್ದ ಕಡೆಯಿಂದ ಕೆರೆ ಏರಿಯವರೆಗೆ ಬಳ್ಳಾರಿ ಜಾಲಿ ತುಂಬಿದೆ. ಅದು ಅಮೆರಿಕ ಖಂಡದಿಂದ ಬಂದದ್ದು. ಟೆಕ್ಸಾಸ್‌ನಲ್ಲಿ ಅದರ ಹತ್ತಿರದ ನೆಂಟ ಮೆಸ್ಕೀಟ್ ಅಂತ ಇದೆ, ಅದೂ ಅಲ್ಲಿಯ ಹುಲ್ಲುಗಾವಲು ತುಂಬಿದೆ ಅಂತ ಅಲ್ಲಿಯವರಿಗೆ ಗೋಳು. ಪಾಪಸ್‌ಕಳ್ಳಿಯೂ ಅದೇ ಖಂಡದ್ದೇ. ಆದರೆ ಮೇಲಿನ ಬಂಡೆ ಸಾಲಿನಲ್ಲಿ ಜಾಲಿ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಕಗ್ಗಲಿ, ಕಾರೆ, ಬಂದರಿಕೆ, ತಂಗಡಿ. ಕೆಳಗಿನಿಂದ ನೋಡಿದರೆ ಎಲ್ಲ ಮುಳ್ಳು ಕುರುಚಲು, ಸ್ವಚ್ಛ ಮಾಡಬೇಕಾದದ್ದು. ದೊಡ್ಡಪ್ಪ ಕೋಲಿನಿಂದ ಒಂದು ಕಾರೆ ಪೊದೆ ಸರಿಸಿ ತೋರಿಸಿದರು. ಒಳಗೆ, ಮೇಕೆ ಬಾಯಿಗೆ ಸಿಗದ ಹಾಗೆ, ಎರಡು ಗೇಣಿನ ತೂಪ್ರದ ಸಸಿ.

ಅದಕ್ಕೇ ಸಮಿತಿಯವರಲ್ಲಿ ನನ್ನ ಕೋರಿಕೆ. ಜೆಸಿಬಿಗೆ ಇಟ್ಟ ಹಣ ಹಾಗೇ ಇರಲಿ. ಅದನ್ನು ಊರಿನವರ ಕೂಲಿಗೆ ಕೊಡೋಣ. ಕೆಳಗಿನ ಜಾಲಿಯನ್ನು ಕೈಯಲ್ಲಿ ತೆಗೆಸೋಣ. ಜಾಲಿ ಜುನಿಪರ್‌ನ ಹಾಗಲ್ಲ, ಮೇಲೆ ಕಡಿದಷ್ಟೂ ಚಿಗುರುತ್ತದೆ, ಬುಡದ ಗೆಡ್ಡೆ ಸಮೇತ ಅಗೆಯಬೇಕು, ಒಂದು ಸಲಕ್ಕೆ ಮುಗಿಯುವುದಿಲ್ಲ, ನಾಲ್ಕೈದು ವರ್ಷ ಬೆನ್ನು ಹತ್ತಬೇಕು. ಒಂದೊಂದು ಪಟ್ಟಿ ತೆಗೆದ ಕೂಡಲೇ ಅಲ್ಲಿ ಹೊಂಗೆ, ಹುಣಸೆ, ಬೇವು ನೆಡೋಣ. ಮೇಲಿನ ಬಂಡೆ ಸಾಲನ್ನು ಮುಟ್ಟುವುದು ಬೇಡ. ದೊಡ್ಡಪ್ಪನವರು ಹೇಳಿದ ಹಾಗೆ ಒಂದು ಮಗ್ಗುಲಿಗೆ ಮೂರು ವರ್ಷ ಮೇಕೆ ಬಿಡದಿದ್ದರೆ ಏನು ಏಳುತ್ತದೆ ನೋಡೋಣ. ಆ ಮೂರು ವರ್ಷ ಅವರ ಮೇಕೆಗಳಿಗೆ ಮೇವು ಎಲ್ಲಿಂದ ಅನ್ನುವುದನ್ನೂ ಇದೇ ಹಣದಲ್ಲಿ ಯೋಚಿಸಬೇಕು, ಅದನ್ನು ಅವರ ತಲೆಗೆ ಕಟ್ಟಬಾರದು. ಒಂಬತ್ತನೇ ತರಗತಿಯ ಮಕ್ಕಳು ಪ್ರತಿ ವರ್ಷ ಒಂದು ಪೊದೆ ಆರಿಸಿಕೊಂಡು ಅದರೊಳಗೆ ಏನೇನು ಹುಟ್ಟಿದೆ ಅಂತ ಎಣಿಸಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಲಿ. ನೋಟ್‌ಬುಕ್ ಶಾಲೆಯಲ್ಲೇ ಇರಲಿ.

ಸಮಿತಿಗೆ ಇದು ಒಪ್ಪಿಗೆಯಾಗದಿದ್ದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಈ ಗುಡ್ಡದ ಕೆಳಗೆ ಬದುಕುವವರು ನೀವು, ನಾನು ಹದಿನೈದು ದಿನದ ನೆಂಟ. ಒಪ್ಪುವ ಮೊದಲು, ಅಥವಾ ಬೇಡ ಅನ್ನುವ ಮೊದಲು, ಒಮ್ಮೆ ನಡೆದು ನೋಡಿ ಅಂತ ಮಾತ್ರ ಕೇಳುತ್ತೇನೆ. ನಾಳೆ ಬೆಳಿಗ್ಗೆ ಆರೂವರೆಗೆ ದೊಡ್ಡಪ್ಪ ನಮ್ಮನ್ನು ಕರೆದುಕೊಂಡು ಹೋಗಲು ಒಪ್ಪಿದ್ದಾರೆ. ಬಾವಿ ಕಟ್ಟೆಯ ಹತ್ತಿರ ಸೇರೋಣ. ಚಪ್ಪಲಿಯಲ್ಲಿ ಬರಬೇಡಿ, ಕಾರೆ ಮುಳ್ಳು ಗಟ್ಟಿ. ಮೇಕೆಗಳೂ ಜೊತೆಗೆ ಬರುತ್ತವಂತೆ.